ಊರಿನವರಿಗೆ ಆಸಕ್ತಿ ಉಳಿದಿಲ್ಲ

ಗಾಬೊರೋನೆ
ಗುರುವಾರ, 16 ಆಗಸ್ಟ್ 2018

ಅಣ್ಣಾ, ಹೇಗೆ ಎದ್ದೆ?

ನಾನು ಎದ್ದಿದ್ದೇನೆ. ಮಂಡಿ ಮಾತ್ರ ನನಗಿಂತ ಅರ್ಧ ಗಂಟೆ ತಡವಾಗಿ ಏಳುತ್ತದೆ. ಇಲ್ಲಿ ಆಗಸ್ಟಿನ ಗಾಳಿ ಶುರುವಾಗಿದೆ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು. ಅಲ್ಲಿಯೂ ಹಾಗೇ ಇರಬೇಕು. ಬೋರಿನಲ್ಲಿ ದನಗಳಿಗೆ ಸಾಕಾಗುವಷ್ಟು ನೀರಿದೆಯೇ? ಕೆಂಪು ಹಸು ಕರು ಹಾಕಿತೇ?

ಅಕ್ಷರ ಇಷ್ಟು ದಪ್ಪಗೆ ಯಾಕೆ ಬರೆದಿದ್ದೇನೆಂದರೆ, ಇದನ್ನು ನೀನೇ ಓದಬೇಕು. ಕೆಲೆಬೋನ್ಯೆ ಕೈಗೆ ಕೊಡಬೇಡ. ನಿನ್ನ ಮಗಳು ಒಳ್ಳೆಯವಳೇ, ಆದರೆ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವವಳ ಬಾಯಲ್ಲಿ ಊರಿನ ಸುದ್ದಿ ಮಧ್ಯಾಹ್ನದ ತನಕವೂ ನಿಲ್ಲುವುದಿಲ್ಲ. ಫೋನ್ ಮಾಡೋಣವೆಂದರೆ ನೀನು ಸ್ಪೀಕರ್ ಹಾಕಿ ಇಡೀ ಅಂಗಳಕ್ಕೆ ಕೇಳಿಸುತ್ತೀಯ. ಅದಕ್ಕೇ ಕಾಗದ. ನಿನ್ನ ಮಗ ಓಟೆಂಗ್ ಈ ಶನಿವಾರ ಊರಿಗೆ ಬರುತ್ತಿದ್ದಾನೆ, ಅವನ ಕೈಯಲ್ಲೇ ಕಳಿಸುತ್ತೇನೆ. ಲಕೋಟೆಗೆ ಅಂಟು ಹಾಕುತ್ತೇನೆ. "ಏನತ್ತೆ, ಅಪ್ಪಂಗೆ ಪರೀಕ್ಷೆ ಪೇಪರ್ ಕಳಿಸ್ತಾ ಇದ್ದೀರಾ?" ಎಂದು ಅವನು ಕೇಳಿಯೇ ಕೇಳುತ್ತಾನೆ.

ಭಾನುವಾರ ನೀನು ಫೋನಿನಲ್ಲಿ ಹೇಳಿದ್ದು ಕಿವಿಯಿಂದ ಇಳಿದಿಲ್ಲ. ಇಪ್ಪತ್ತೆಂಟಕ್ಕೆ ಮತ್ತೆ ಖೋಟ್ಲಾ ಸೇರುತ್ತದೆ, ಮುಖ್ಯಸ್ಥನ ಮುಂದೆ ನಮ್ಮ ಮೊಸೆತ್ಲೆಂಗ್ ಊರಿಗೆ ಊರೇ ಕೂರುತ್ತದೆ. ಇಪ್ಪತ್ತೇಳು ವರ್ಷದಿಂದ ಬೀಗ ಬಿದ್ದಿರುವ ನಮ್ಮ ಬ್ರಿಗೇಡಿನ, ಆ ಕೈಕೆಲಸದ ಶಾಲೆಯ, ಜಾಗವನ್ನು ರಾಜಧಾನಿಯ ಒಂದು ಕಂಪನಿ ಕೇಳಿದೆ. ಶೆಡ್ಡುಗಳನ್ನು ಕೆಡವಿ, ಗಾಜಿನ ಕಟ್ಟಡ ಎಬ್ಬಿಸಿ, ಅದರಲ್ಲಿ ಮಕ್ಕಳಿಗೆ ವ್ಯಾಪಾರ ನಿರ್ವಹಣೆಯ ಡಿಪ್ಲೊಮಾ ಕೊಡುತ್ತಾರಂತೆ. ನೀನೂ ಹಳೆಯ ಗಾರೆಯವರು ಆರು ಜನವೂ ಒಪ್ಪಿಲ್ಲ. ಮತ್ತೆ ಇಟ್ಟಿಗೆ, ಮರ, ಕಬ್ಬಿಣದ ಕೆಲಸ ಕಲಿಸುವ ಜಾಗವೇ ಆಗಲಿ ಎಂದಿದ್ದೀರಿ. ಕಳೆದ ಸಭೆಯಲ್ಲಿ ನೀವು ಹಾಗೆಂದಾಗ ಜಮೀನು ಹಂಚುವ ಕಚೇರಿಯವನು ಎದ್ದು ಒಂದು ಕಾಗದ ಓದಿದನಂತೆ: 1991ರ ವರದಿಯ ಪ್ರಕಾರ ಈ ಸಂಸ್ಥೆಯಲ್ಲಿ ಊರಿನವರಿಗೆ ಆಸಕ್ತಿ ಉಳಿದಿಲ್ಲ, ಆದ್ದರಿಂದ ಊರಿಗೆ ಈ ಜಾಗದ ಮೇಲೆ ಹಕ್ಕು ಹೇಳಲು ಬರುವುದಿಲ್ಲ.

ಅದಕ್ಕೆ ನೀನು ಎದ್ದು ನಿಂತು ಹೇಳಿದ್ದನ್ನು ನನಗೆ ಹೆಮ್ಮೆಯಿಂದ ಎರಡು ಸಲ ಹೇಳಿದೆ. "ಯಾವನೋ ಹೊರಗಿನೋನು ಬರ್ದಿರೋದು ಅದು. ಈ ಊರು ಕಂಡೋನಲ್ಲ, ಈ ಮಣ್ಣು ಮುಟ್ಟಿದೋನಲ್ಲ. ತಡೀರಿ, ನನ್ ತಂಗಿ ಬರ್ತಾಳೆ. ಆ ವರದಿ ಬಂದ ಕಚೇರೀಲೇ ಇಪ್ಪತ್ತೈದು ವರ್ಷ ಕೂತೋಳು. ಅವ್ಳೇ ನಿಂತು ಹೇಳ್ತಾಳೆ, ಇದು ಸುಳ್ಳು ಅಂತ." ಎಲ್ಲರೂ ತಲೆಯಾಡಿಸಿದರಂತೆ. ಮುಖ್ಯಸ್ಥನೂ, ಸರಿ, ರಾ-ಓಟೆಂಗನ ತಂಗಿ ಬರುವ ತನಕ ತೀರ್ಮಾನ ಬೇಡ ಎಂದನಂತೆ.

ನಾನು ನಿನಗೆ ಮಂಡಿಯ ಕಥೆ ಹೇಳಿದೆ. ಇಪ್ಪತ್ತೆಂಟಕ್ಕೇ ಡಾಕ್ಟರು ಬರಹೇಳಿದ್ದಾರೆ ಎಂದೆ. ಅದು ನಿಜ. ಬೇರೆ ದಿನ ಕೊಡಿ ಎಂದು ಕೇಳಬಹುದಿತ್ತು ಎನ್ನುವುದೂ ನಿಜ. ಕೇಳಲಿಲ್ಲ. "ಆಯ್ತು ಬಿಡು, ಮಂಡಿ ತಗೊಂಡು ಬಾ, ಎತ್ತಿನ ಗಾಡೀಲಿ ಕೂರಿಸ್ಕೊಂಡು ಹೋಗ್ತೀನಿ, ಚೀಫ್ ಹೆಂಡ್ತಿ ಥರ" ಎಂದು ನಕ್ಕೆ ನೀನು. ನಾನೂ ನಕ್ಕೆ.

ನನಗೆ ದಣಿವಾಗಿದೆ ಅಣ್ಣ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನಲ್ಲಿ ಇಳಿದದ್ದು ಬರೀ ಶಕ್ತಿ. ಸಿಟ್ಟು ಇದ್ದಲ್ಲೇ ಇದೆ. ಬೆಳಿಗ್ಗೆ ಪತ್ರಿಕೆ ತೆಗೆದರೆ ದೊಡ್ಡವರು ಭಾಷಣ ಮಾಡಿರುತ್ತಾರೆ: ಯುವಕರೇ, ಕೆಲಸ ಕೇಳಬೇಡಿ, ಕೆಲಸ ಸೃಷ್ಟಿಸಿ. ಯಾವುದರಿಂದ ಸೃಷ್ಟಿಸಬೇಕು, ಆಗಸ್ಟಿನ ಗಾಳಿಯಿಂದಲೇ? ನಮಗೆ ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಡಾಂಬರು ರಸ್ತೆಯನ್ನು ಹುಡುಕಿಕೊಂಡು ಹೋಗಬೇಕಿತ್ತು, ಪದವಿ ಪಡೆದವರನ್ನು ಒಂದು ಲಾರಿಯಲ್ಲಿ ಕೂರಿಸಬಹುದಿತ್ತು. ಈಗ ರಸ್ತೆಗಳಿವೆ, ಪದವೀಧರರೂ ಇದ್ದಾರೆ. ಆ ರಸ್ತೆಗಳ ಬದಿಯಲ್ಲಿ ಛತ್ರಿ ಹಾಕಿ ಕೂತು ಫೋನಿಗೆ ರೀಚಾರ್ಜ್ ಮಾರುತ್ತಾರೆ. ಅವರ ಬೆನ್ನ ಹಿಂದೆಯೇ ಕಟ್ಟಡ ಏಳುತ್ತಿರುತ್ತದೆ. ಅದನ್ನು ಕಟ್ಟಲು ಹೊರದೇಶದ ಕಂಪನಿ ಬರುತ್ತದೆ, ಇಟ್ಟಿಗೆ ಜೋಡಿಸುವವರನ್ನೂ ತನ್ನ ಜೊತೆಗೇ ಕರೆತರುತ್ತದೆ. ಯಾಕೆಂದು ಕೇಳಿದರೆ, ನಿಮ್ಮಲ್ಲಿ ಕೆಲಸ ಬಲ್ಲವರಿಲ್ಲ ಎನ್ನುತ್ತದೆ. ಬಲ್ಲವರು ಇದ್ದರು. ಅವರನ್ನು ಇಲ್ಲವಾಗಿಸಿದ್ದು ಯಾರು ಎಂದು ಪತ್ರಿಕೆಯಲ್ಲಿ ಯಾರೂ ಬರೆಯುವುದಿಲ್ಲ.

ನಾನು ಬರೆಯುತ್ತೇನೆ, ನಿನಗೆ ಮಾತ್ರ. ಆದರೆ ಮೊದಲಿನಿಂದ ಬರೆಯಬೇಕು.

ಅಪ್ಪ ನಮ್ಮಿಬ್ಬರಲ್ಲಿ ಯಾರನ್ನು ಶಾಲೆಗೆ ಹಾಕಬೇಕೆಂದು ತೀರ್ಮಾನಿಸಿದ ದಿನ ನಿನಗೆ ನೆನಪಿದೆಯೇ? ನನಗೆ ಎಂಟು, ನಿನಗೆ ಹನ್ನೆರಡು. ಮಿಷನ್ ಶಾಲೆಯ ಮೇಷ್ಟ್ರು ಸೈಕಲ್ ಒರಗಿಸಿ ನಿಂತಿದ್ದರು. ಅಪ್ಪ ನಮ್ಮನ್ನು ದನ ಕೊಳ್ಳುವವನ ಹಾಗೆ ನೋಡಿ ಹೇಳಿದರು: "ಗಂಡು ಹುಡುಗ ಕೆಲಸಕ್ಕೆ ಬರ್ತಾನೆ, ದನದ ಹಟ್ಟೀಲಿ ಬೇಕು. ಈ ಹುಡುಗಿ ಮನೇಲಿ ಸುಮ್ನೇ ಇರ್ತಾಳೆ, ಇವಳನ್ನ ಕರ್ಕೊಂಡು ಹೋಗಿ." ಹೊರದೇಶದವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಅವರ ಪುಸ್ತಕಗಳಲ್ಲಿ ಎಲ್ಲೆಲ್ಲೂ ಹುಡುಗಿಯರನ್ನು ಶಾಲೆ ಬಿಡಿಸುತ್ತಾರೆ. ನಮ್ಮಲ್ಲಿ ಬೆಲೆಯುಳ್ಳವರನ್ನು ದನದ ಜೊತೆ ಕಳಿಸುತ್ತಿದ್ದರು, ಉಳಿದವರನ್ನು ಶಾಲೆಗೆ. ನಾನು ಉಳಿದವಳು. ನೀನು ಎರಡು ದಿನದ ದಾರಿಯ ಹಟ್ಟಿಗೆ ಹೋದೆ. ಹಾಲು ಮತ್ತು ಜೋಳದ ಅಂಬಲಿಯ ಮೇಲೆ ಆರು ತಿಂಗಳು ಬದುಕಿ ಬಂದಾಗ ನಿನ್ನ ಮಾತೇ ಬದಲಾಗಿತ್ತು, ಮನುಷ್ಯರ ಜೊತೆಗೂ ದನದ ಜೊತೆಗೂ ಒಂದೇ ದನಿಯಲ್ಲಿ ಮಾತಾಡುತ್ತಿದ್ದೆ. ನಾನು ನಿನ್ನ ಮುಂದೆ ಇಂಗ್ಲಿಷಿನಲ್ಲಿ ವಾರದ ಹೆಸರುಗಳನ್ನು ಹೇಳಿದೆ. ನೀನು ಬಾಯಿ ತೆರೆದು ಕೇಳಿಸಿಕೊಂಡೆ, ಆಮೇಲೆ "ಇಷ್ಟಕ್ಕೆ ಒಂದು ವರ್ಷ ಬೇಕಾಯ್ತಾ?" ಎಂದೆ.

ನನ್ನ ಹೈಸ್ಕೂಲಿಗೆ ಎರಡು ದನ ಹೋದವು, ಅವನ್ನು ಸಾಕಿದವನು ನೀನು. ಆಮೇಲೆ 1976ರಲ್ಲಿ ನಮ್ಮದೇ ವಿಶ್ವವಿದ್ಯಾಲಯ ಕಟ್ಟಲು ಒಬ್ಬೊಬ್ಬರೂ ಒಂದೊಂದು ದನ ಕೊಡಿ ಎಂದು ದೇಶವೆಲ್ಲ ಕರೆ ಹೊರಟಿತಲ್ಲ. ದನವಿಲ್ಲದವರು ಜೋಳ ಕೊಟ್ಟರು, ಮೊಟ್ಟೆ ಕೊಟ್ಟರು. ನೀನು ಬಿಳಿ ಮುಖದ ಎತ್ತನ್ನು ಎರಡು ದಿನ ನಡೆಸಿಕೊಂಡು ಹೋಗಿ ಒಪ್ಪಿಸಿ ಬಂದೆ. ರಸೀದಿಯಲ್ಲಿ ಏನಿದೆ ಎಂದು ನನ್ನಿಂದ ಓದಿಸಿದೆ. ಆಮೇಲೆ ಆ ವರ್ಷವೆಲ್ಲ ಬಿಯರ್ ಕುಡಿಯುವ ಕಡೆಯಲ್ಲೆಲ್ಲ ನಿನ್ನದು ಒಂದೇ ಮಾತು: "ನಮ್ಮ ಮನೇಲಿ ಯೂನಿವರ್ಸಿಟಿಗೆ ಹೋದೋರು ಇಬ್ರು. ಒಂದು ನನ್ ತಂಗಿ, ಒಂದು ನನ್ ಎತ್ತು. ಎತ್ತು ವಾಪಸ್ ಬಂದು ನಂಗೆ ಬುದ್ಧಿ ಹೇಳಲ್ಲ, ಅದೇ ವಾಸಿ." ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ನಾನೂ ಆ ಮಾತನ್ನು ಕಚೇರಿಯಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೆ. ಈಗ ನೆನೆದರೆ, ಓದದ ಒಂದು ಜನಾಂಗ ತಾನು ಕಾಲಿಡದ ಮನೆಗೆ ಅಡಿಪಾಯ ಹಾಕಿತಲ್ಲ ಎನ್ನಿಸುತ್ತದೆ. ಅಲ್ಲಿ ಓದಿ ಬಂದವರು ನಿಮಗೆ ಏನು ಕೊಟ್ಟರು?

ಅದಕ್ಕೂ ಮೊದಲೇ, ಎಪ್ಪತ್ತೊಂದರಲ್ಲಿ, ಬ್ರಿಗೇಡು ಶುರುವಾಗಿತ್ತು. ಏಳನೇ ತರಗತಿ ಮುಗಿಸಿ ಹೈಸ್ಕೂಲಿನಲ್ಲಿ ಜಾಗ ಸಿಗದೆ ಬೀದಿ ಅಲೆಯುವ ಮಕ್ಕಳಿಗೆ ಕೆಲಸ ಕಲಿಸಬೇಕು, ಕಲಿಯುತ್ತಲೇ ಅವರು ದುಡಿಯಬೇಕು, ಆ ದುಡಿಮೆಯಿಂದಲೇ ಬ್ರಿಗೇಡು ನಡೆಯಬೇಕು, ಅಷ್ಟೇ ಯೋಜನೆ. ಸರ್ಕಾರ ಕೊಟ್ಟದ್ದಲ್ಲ, ಊರು ಕಟ್ಟಿಕೊಂಡದ್ದು. ಒಣಗಿದ ನದಿಯಿಂದ ಹೆಂಗಸರು ತಲೆಯ ಮೇಲೆ ಮರಳು ಹೊತ್ತರು. ಅಮ್ಮ ಹೊತ್ತಳು, ಕತ್ತು ಉಳುಕಿ ಒಂದು ತಿಂಗಳು ಮಲಗಿದಳು. ಮೊದಲ ತಂಡದ ಹುಡುಗರು ತಾವು ಕೂತು ಕಲಿಯುವ ಶೆಡ್ಡನ್ನು ತಾವೇ ಕಟ್ಟಿದರು. ಮೊದಲ ಗೋಡೆ ಸೊಟ್ಟಗಾಗಿ ಕೆಡವಿದ್ದು, ಎರಡನೆಯದೂ ಸೊಟ್ಟಗಾಗಿ, ಇರಲಿ ಬಿಡಿ ಎಂದು ಬಿಟ್ಟದ್ದು ನಿನಗೆ ಗೊತ್ತು. ಆಮೇಲೆ ಅದೇ ಹುಡುಗರು ಕ್ಲಿನಿಕ್ ಕಟ್ಟಿದರು, ಅಂಚೆ ಕಚೇರಿ ಕಟ್ಟಿದರು, ಮೇಷ್ಟ್ರ ಮನೆಗಳನ್ನು ಕಟ್ಟಿದರು. ಇವತ್ತಿಗೂ ಒಂದು ಬಿರುಕಿಲ್ಲ. ಎಂಬತ್ತೊಂದರಲ್ಲಿ ಅದೇ ಶೆಡ್ಡಿನಲ್ಲಿ ದೊಡ್ಡವರಿಗೆ ಅಕ್ಷರ ಕಲಿಸಲು ಶುರುಮಾಡಿದರು. ಮೂವತ್ತನಾಲ್ಕು ವರ್ಷದ ನೀನು ಹಲಗೆಯ ಬೆಂಚಿನ ಮೇಲೆ ಮಕ್ಕಳ ಪೆನ್ಸಿಲ್ ಹಿಡಿದು ಕೂತೆ. ನನಗೆ ಬರೆದ ಮೊದಲ ಕಾಗದ ಒಂದೇ ಸಾಲು: ಕೆಯಾ, ಮಳೆ ಬಂತು, ನಾನೇ ಬರೆದೆ.

ಈ ಕಾಗದವನ್ನು ನೀನು ಓದುತ್ತಿರುವುದು ಆ ಶೆಡ್ಡಿನ ದೆಸೆಯಿಂದ. ಅದಕ್ಕೇ ಇದನ್ನು ಬರೆಯುವುದು ನನಗೆ ಇಷ್ಟು ಕಷ್ಟವಾಗುತ್ತಿದೆ.

ಆಮೇಲೆ ವಜ್ರದ ಹಣ ಬಂತು. ಬಂದದ್ದಕ್ಕೆ ನನ್ನ ಸಿಟ್ಟಿಲ್ಲ, ಎಷ್ಟೋ ದೇಶಗಳಲ್ಲಿ ಅದು ನಾಲ್ಕು ಜನರ ಜೇಬಿಗೆ ಹೋಗಿದೆ. ನಮ್ಮಲ್ಲಿ ಶಾಲೆಯಾಯಿತು, ಆಸ್ಪತ್ರೆಯಾಯಿತು. ಆದರೆ ಅದರ ಜೊತೆ ಬಿಳಿ ಅಂಗಿಯ ಹುಚ್ಚೂ ಬಂತು. ಪ್ರತಿಯೊಬ್ಬ ತಾಯಿಗೂ ಮಗ ಮೇಜಿನ ಹಿಂದೆ ಕೂರಬೇಕು. ನಮ್ಮ ಬೀದಿಯ ಮಾ-ಗೋಸೆಗೊ ಬ್ರಿಗೇಡಿನ ಬಾಗಿಲಲ್ಲಿ ನಿಂತು ಕೂಗಾಡಿದ್ದಳಲ್ಲ, "ಏಳು ವರ್ಷ ಓದ್ಸಿದ್ದು ಮಣ್ಣು ಕಲಸೋಕಾ? ಮಣ್ಣು ನಮ್ಮಪ್ಪನೂ ಕಲಸ್ತಿದ್ದ, ಯಾವ ಸರ್ಟಿಫಿಕೇಟೂ ಇಲ್ದೆ!" ಅವಳನ್ನು ದೂರಿ ಪ್ರಯೋಜನವಿಲ್ಲ. ಊರಿಗೆ ಕಾರಿನಲ್ಲಿ ಬರುತ್ತಿದ್ದವರು ಯಾರು, ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು? ನಾನು. ಕೈಗೆ ಮಣ್ಣು ಅಂಟದ ಹೆಂಗಸು ಹೇಗಿರುತ್ತಾಳೆ ಎಂದು ಇಡೀ ಊರಿಗೆ ತೋರಿಸಿದವಳು ನಾನೇ.

ನಾನು ಎಂಬತ್ತನಾಲ್ಕರಲ್ಲಿ ಸೇರಿದ ಕಚೇರಿ ಇಂಥ ಸಂಸ್ಥೆಗಳಿಗೆಲ್ಲ ಸಹಾಯಧನ ಕೊಡಲು ಮುಂದಾಯಿತು. ಸಹಾಯಧನ ಬೇಕಾದರೆ ಮಟ್ಟ ಇರಬೇಕು. ಮಟ್ಟ ಎಂದರೆ, ಸೇರುವವರು ಹತ್ತನೇ ತರಗತಿಯಾದರೂ ಪಾಸಾಗಿರಬೇಕು. ಯಾರಿಗಾಗಿ ಇದನ್ನು ಕಟ್ಟಿದ್ದೆವೋ ಅವರಿಗೇ ಬಾಗಿಲು ಮುಚ್ಚಿತು. ಕಲಿಯುವವರು ದುಡಿಯಬಾರದು, ಅದು ಶೋಷಣೆ; ದುಡಿಯುವುದು ಬಿಟ್ಟ ಮೇಲೆ ಬ್ರಿಗೇಡಿನ ಹೊಟ್ಟೆಗೆ ಸಹಾಯಧನವೇ ಗತಿ. ಮಟ್ಟ ಮುಟ್ಟದವನ್ನು ಪರಿಶೀಲಿಸಿ ಮುಚ್ಚಬೇಕು. ಎಷ್ಟು ಸಭ್ಯವಾದ ಮಾತುಗಳು ಅಣ್ಣ! ಒಬ್ಬರೂ ಕೆಟ್ಟವರಿರಲಿಲ್ಲ. ಚಹಾ ಬಂತು, ಬಿಸ್ಕತ್ತು ಬಂತು, ಪಟ್ಟಿ ಬಂತು. ಪಟ್ಟಿಯಲ್ಲಿ ಮೊಸೆತ್ಲೆಂಗ್ ಇತ್ತು.

ನಿನ್ನ ಊಹೆ ತಪ್ಪು, ಆ ವರದಿಯನ್ನು ಬರೆದದ್ದು ಹೊರಗಿನವನಲ್ಲ. ಅದಕ್ಕೆ ಐದು ಜನರ ಒಂದು ಸಮಿತಿ ಇತ್ತು. ಅದರಲ್ಲಿ ನಾನೂ ಒಬ್ಬಳು.

ಇದನ್ನು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಮುಂದಿನದನ್ನು ಕೇಳು.

ಸೋಮವಾರ ಹಳೇ ಕಚೇರಿಗೆ ಹೋಗಿದ್ದೆ. ಆ ಸಾಲು ನಿಜವಾಗಿಯೂ ಇದೆಯೇ, ಜಮೀನಿನವನು ತಾನೇ ಸೇರಿಸಿದನೇ ಎಂದು ನೋಡಬೇಕಿತ್ತು. ಸುಳ್ಳು ಹೇಳುವುದಿಲ್ಲ, ಅವನೇ ಸೇರಿಸಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ದಾಖಲೆ ಕೋಣೆಯಲ್ಲಿ ಒಬ್ಬ ಹುಡುಗಿ, ನನ್ನ ಮೊಮ್ಮಗಳ ವಯಸ್ಸು, ಉಗುರಿಗೆ ನೀಲಿ ಬಣ್ಣ. ಐದೇ ನಿಮಿಷದಲ್ಲಿ ತಂದುಕೊಟ್ಟಳು. ಇಷ್ಟು ಬೇಗ ಹೇಗೆ ಸಿಕ್ಕಿತಮ್ಮ ಎಂದರೆ, "ಇದು ಯಾವಾಗ್ಲೂ ಮೇಲೇ ಇರತ್ತೆ ಮಾ. ಹೊಸಬರು ಬಂದ್ರೆ ವರದಿ ಹೇಗೆ ಬರೀಬೇಕು ಅಂತ ಇದನ್ನೇ ಕೊಟ್ಟು ಕಲಿಸ್ತಾರೆ. ನಾನೂ ಇದನ್ನೇ ನೋಡಿ ಕಲ್ತಿದ್ದು" ಎಂದಳು. ಕೊನೆಯ ಪುಟ ತಿರುವಿ ಹೆಸರು ನೋಡಿದಳು, ನನ್ನ ಮುಖ ನೋಡಿದಳು. "ಅಯ್ಯೋ, ಇದು ನೀವೇನಾ? ಎಷ್ಟು ನೀಟಾಗಿ ಬರ್ದಿದೀರಾ ಮಾ, ಒಂದು ಪದ ಹೆಚ್ಚಿಲ್ಲ!" ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಪಕ್ಕದ ಕೋಣೆಯವರನ್ನೂ ಕರೆದಳು. ಇಬ್ಬರು ಬಂದು ನನ್ನ ಕೈಕುಲುಕಿದರು.

ಹನ್ನೊಂದು ಪುಟ. ಒಂಬತ್ತನೇ ಪುಟದಲ್ಲಿ ಆ ಸಾಲು ಇದೆ. ಸಾಲು ನನ್ನದು. ಐದು ಜನ ಸಹಿ ಮಾಡಿದ್ದಾರೆ, ಆದರೆ ಬರೆದ ಕೈ ನನ್ನದು. ಅದಕ್ಕೆ ಆಧಾರವೆಂದು ಹಾಜರಿ ಕೊಟ್ಟಿದೆ: ನಲವತ್ತಮೂರು ಜನರಲ್ಲಿ ಪರಿಶೀಲನೆಯ ದಿನ ಇದ್ದವರು ಒಂಬತ್ತು. ದಿನಾಂಕ ನವೆಂಬರ್ ಇಪ್ಪತ್ತಾರು. ನಿನಗೆ ಇಷ್ಟು ಹೇಳಿದರೆ ಸಾಕು. ಆ ವರ್ಷ ಮೊದಲ ಮಳೆ ಬಿದ್ದು ನಾಲ್ಕು ದಿನವಾಗಿತ್ತು. ಮಳೆ ಬಿದ್ದ ವಾರ ನಮ್ಮ ಊರಿನಲ್ಲಿ ಯಾರಿರುತ್ತಾರೆ? ನಾಯಿ ಕೋಳಿ ಸಹಿತ ಎಲ್ಲರೂ ಹೊಲದ ಗುಡಿಸಲುಗಳಿಗೆ ಹೋಗಿರುತ್ತಾರೆ. ಬೀಜ ಬಿತ್ತದೆ ಯಾರೂ ಊರಿಗೆ ಬರುವುದಿಲ್ಲ. ಆ ವಾರ ಖೋಟ್ಲಾದಲ್ಲೂ ಜನ ಇರುವುದಿಲ್ಲ, ಇಗರ್ಜಿಯಲ್ಲೂ ಇರುವುದಿಲ್ಲ. ಅದನ್ನು ನೋಡಿ ಊರಿನವರಿಗೆ ದೇವರಲ್ಲಿ ಆಸಕ್ತಿ ಉಳಿದಿಲ್ಲ ಎಂದು ಯಾರಾದರೂ ಬರೆಯುತ್ತಾರೆಯೇ? ಸಮಿತಿಯಲ್ಲಿ ಮೂವರು ಪಟ್ಟಣದಲ್ಲೇ ಹುಟ್ಟಿದವರು, ಒಬ್ಬರು ಹೊರದೇಶದವರು, ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನೇಗಿಲ ಹಿಂದೆ ಬೀಜ ಉದುರಿಸುತ್ತ ನಡೆದ ಕಾಲುಗಳು ಇವು.

ಯಾಕೆ ಬರೆದೆ ಎಂದು ಕೇಳುತ್ತೀಯ. ಈ ನಾಲ್ಕು ದಿನ ಅದನ್ನೇ ಕೇಳಿಕೊಂಡಿದ್ದೇನೆ. ಬಡ್ತಿಗಾಗಿ ಎಂದು ಹೇಳಿದರೆ ಸುಲಭ, ಬಡ್ತಿ ಸಿಕ್ಕಿತು ಕೂಡ. ಆದರೆ ಅದಲ್ಲ. ನನ್ನ ಮೇಲಿನವರು ಪಟ್ಟಿ ಕೊಡುವಾಗ ನಗುತ್ತ ಒಂದು ಮಾತು ಹೇಳಿದ್ದರು: "ಇದು ನಿಮ್ಮೂರಲ್ವೇ ಮಾ? ನೋಡೋಣ, ನಿಮ್ಮ ಪೆನ್ನು ಎಲ್ಲರ ಮೇಲೂ ಒಂದೇ ಥರ ನಡೆಯುತ್ತಾ ಅಂತ." ನಡೆಯುತ್ತದೆ ಎಂದು ತೋರಿಸಬೇಕಾಗಿತ್ತು. ಬೇರೆ ಊರುಗಳ ವರದಿಯಲ್ಲಿ 'ಸುಧಾರಣೆಗೆ ಎರಡು ವರ್ಷ ಕೊಡಬಹುದು' ಎಂದು ಬರೆದೆ. ನಮ್ಮೂರಿಗೆ ಮಾತ್ರ ಬರೆಯಲಿಲ್ಲ. ನ್ಯಾಯವಂತೆ ಎನ್ನಿಸಿಕೊಂಡೆ. ಇನ್ನೊಂದೂ ಇದೆ. ಆ ಸೊಟ್ಟ ಗೋಡೆ, ಆ ತಗಡಿನ ಶೆಡ್ಡು, ಕಾಲಿಗೆ ಸಿಮೆಂಟು ಮೆತ್ತಿಕೊಂಡ ಮಕ್ಕಳು, ಇದನ್ನು ವಿದ್ಯೆ ಎಂದು ಕರೆಯಲು ನನಗೆ ನಾಚಿಕೆಯಾಗುತ್ತಿತ್ತು. ನನಗೆ ಸಿಕ್ಕಿದ್ದು ವಿದ್ಯೆ, ಅವರಿಗೆ ಸಿಗುವುದೂ ಅದೇ ಆಗಿರಬೇಕು ಎಂದು ನಂಬಿದ್ದೆ. ಬಾಗಿಲು ಮುಚ್ಚಿದರೆ ಅವರೆಲ್ಲ ಹೈಸ್ಕೂಲಿಗೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಎಲ್ಲಿ ಹೋದರು ಎಂದು ಬರೆಯಲು ಹನ್ನೆರಡನೇ ಪುಟವನ್ನು ಯಾರೂ ಕೇಳಲಿಲ್ಲ.

ಒಬ್ಬ ಎಲ್ಲಿ ಹೋದ ಎಂದು ನಮ್ಮಿಬ್ಬರಿಗೂ ಗೊತ್ತು. ಓಟೆಂಗ್‌ಗೆ ಇನ್ನು ಒಂದು ವರ್ಷವಿತ್ತು. ಪರೀಕ್ಷೆ ಕಟ್ಟಲಿಲ್ಲ, ಕಾಗದವಿಲ್ಲ. ಹದಿನೇಳು ವರ್ಷಕ್ಕೆ ಕಮಾನು ಕಟ್ಟಬಲ್ಲ ಹುಡುಗ, ಯಾವ ಕಂಪನಿಯೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಇಪ್ಪತ್ತೆರಡು ವರ್ಷದಿಂದ ಇಲ್ಲಿಯ ಅಂಗಡಿ ಸಂಕೀರ್ಣದ ಗೇಟಿನಲ್ಲಿ ನಿಂತಿದ್ದಾನೆ. ನನ್ನ ಕಾರು ಕಂಡರೆ ಅಡ್ಡಗೋಲು ಎತ್ತಿ, ಮಿಲಿಟರಿಯವನ ಹಾಗೆ ಸಲ್ಯೂಟ್ ಹೊಡೆದು, "ಬನ್ನಿ ಅತ್ತೆ, ನಿಮಗಂತ ಇಡೀ ಗೇಟೇ ಎತ್ತಿದೀನಿ. ಎತ್ತೋದ್ರಲ್ಲಿ ನಂದು ಪಿಎಚ್‌ಡಿ" ಎನ್ನುತ್ತಾನೆ. ಕಳೆದ ತಿಂಗಳು ಆ ಸಂಕೀರ್ಣದ ಹೊಸ ಗೋಡೆಯನ್ನು ತೋರಿಸಿ, ಇದು ಮಳೆಗಾಲ ದಾಟಲ್ಲ ಅತ್ತೆ, ಮೂಲೇಲಿ ಇಟ್ಟಿಗೆ ಕಟ್ಟಿಲ್ಲ ನೋಡಿ, ಸುಮ್ನೆ ಒಂದರ ಪಕ್ಕ ಒಂದು ನಿಲ್ಲಿಸಿದಾರೆ ಎಂದ. ಹೇಳಬಾರದೇನೋ ಅವರಿಗೆ ಎಂದೆ. "ನಾನಾ? ಗೇಟಿನೋನು ಹೇಳಿದ್ರೆ ಗೋಡೆ ಕೇಳತ್ತಾ?" ಎಂದು ನಕ್ಕ. ಅವನ ಮಗಳು ವಾಮೆ ಇಂಥದೇ ಒಂದು ಗಾಜಿನ ಕಾಲೇಜಿನಿಂದ ವ್ಯಾಪಾರ ನಿರ್ವಹಣೆಯ ಡಿಪ್ಲೊಮಾ ತಂದು ಮೂರು ವರ್ಷವಾಯಿತು. ನಿರ್ವಹಿಸಲು ವ್ಯಾಪಾರ ಸಿಕ್ಕಿಲ್ಲ. ಸರ್ಕಾರದ ತರಬೇತಿ ಯೋಜನೆಯಲ್ಲಿ ಯಾವುದೋ ಕಚೇರಿಯಲ್ಲಿ ಫೋಟೋಕಾಪಿ ತೆಗೆಯುತ್ತಾಳೆ. ನಿನ್ನನ್ನು ಊರೆಲ್ಲ ರಾ-ಓಟೆಂಗ್, ಓಟೆಂಗನ ಅಪ್ಪ ಎಂದು ಕೂಗುತ್ತಾರಲ್ಲ, ಭಾನುವಾರ ಫೋನಿನಲ್ಲಿ ಆ ಹೆಸರು ಕೇಳಿದಾಗ ಯಾರೋ ನನ್ನ ಹೆಸರನ್ನೇ ಕರೆದ ಹಾಗಾಯಿತು.

ಈಗ ಇಪ್ಪತ್ತೆಂಟರ ವಿಷಯ. ನೀನು ಊರಿಗೆ ಮಾತು ಕೊಟ್ಟಿದ್ದೀಯ, ನನ್ನ ತಂಗಿ ಬಂದು ಇದು ಸುಳ್ಳು ಎನ್ನುತ್ತಾಳೆ ಎಂದು. ನಾನು ಬಂದು ಬರೀ ಸುಳ್ಳು ಎಂದರೆ, ಜಮೀನಿನವನು ಕೊನೆಯ ಪುಟ ತೆಗೆದು ನನ್ನ ಹೆಸರು ಓದುತ್ತಾನೆ, ಇಡೀ ಊರಿನ ಮುಂದೆ ನೀನು ನಗೆಪಾಟಲಾಗುತ್ತೀಯ. ಬರದೇ ಇದ್ದರೆ ಸಾಲು ಗೆಲ್ಲುತ್ತದೆ, ಶೆಡ್ಡು ಹೋಗುತ್ತದೆ. ನಾನು ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಇಲ್ಲಿ ಕೂತಿರಬಹುದು. ಬರೆಯುವ ಮೊದಲು ಹಾಗೇ ಎಂದುಕೊಂಡಿದ್ದೆ.

ಡಾಕ್ಟರಿಗೆ ಈಗ ಫೋನ್ ಮಾಡಿದೆ, ಮುಂದಿನ ತಿಂಗಳಿಗೆ ಹಾಕಿಕೊಂಡಿದ್ದಾರೆ. ನಾನು ಬರುತ್ತೇನೆ. ಆದರೆ ನಿನ್ನ ಸಾಕ್ಷಿಯಾಗಿ ಬರುವುದಿಲ್ಲ. ವರದಿ ಬರೆದವಳಾಗಿ ಬರುತ್ತೇನೆ. ಹನ್ನೊಂದು ಪುಟದ ಪ್ರತಿಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಇಂಗ್ಲಿಷಿನಲ್ಲಿದೆ, ಒಂಬತ್ತನೇ ಪುಟಕ್ಕೆ ಕೆಂಪು ಗೆರೆ ಹಾಕಿದ್ದೇನೆ, ಪಕ್ಕದಲ್ಲಿ ನಮ್ಮ ಮಾತಿನಲ್ಲಿ ಬರೆದಿದ್ದೇನೆ. ಮುಖ್ಯಸ್ಥನಿಗೆ ಮೊದಲೇ ತೋರಿಸು. ಖೋಟ್ಲಾದಲ್ಲಿ ಯಾರು ಏನು ಬೇಕಾದರೂ ಕೇಳಬಹುದು, ಅದೇ ಅಲ್ಲವೇ ನಮ್ಮ ಕಟ್ಟಳೆ. ಮರಳು ಹೊತ್ತವರು ಕೇಳಲಿ, ಆ ಆರು ಗಾರೆಯವರು ಕೇಳಲಿ. ಸಾಲು ಬರೆದವಳೇ ನಿಂತು ಈ ಎಣಿಕೆ ಮೋಸದ್ದು ಎಂದರೆ ಜಮೀನಿನವನ ಕಾಗದದಲ್ಲಿ ಉಳಿಯುವುದೇನು? ಶೆಡ್ಡು ಉಳಿಯುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗಾಜಿನ ಕಟ್ಟಡಕ್ಕೆ ಆಸೆ ಪಡುವ ಹುಡುಗರೂ ಊರಿನಲ್ಲಿದ್ದಾರೆ, ಅವರಿಗೆ ಆ ಆಸೆ ಹುಟ್ಟಿಸಿದವರಲ್ಲಿ ನಾನೂ ಒಬ್ಬಳು. ನಮ್ಮ ಮೇಲೆ ಉಗಿದರೂ ಉಗಿಯಲಿ.

ಒಂದನ್ನು ನೀನು ತೀರ್ಮಾನಿಸಬೇಕು. ಇಪ್ಪತ್ತೇಳರ ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ನಿನ್ನ ಅಂಗಳಕ್ಕೆ ಬರಲೋ, ಇಗರ್ಜಿಯ ಅತಿಥಿ ಕೋಣೆಯಲ್ಲಿ ಇರಲೋ? ಯಾವುದಾದರೂ ಸರಿ, ನನಗೆ ಬೇಸರವಿಲ್ಲ. ಓಟೆಂಗ್ ವಾಪಸ್ ಬರುವಾಗ ಅವನ ಹತ್ತಿರ ಒಂದೇ ಮಾತು ಹೇಳಿ ಕಳಿಸು, 'ಬಾ' ಎಂದೋ, 'ಬೇಡ' ಎಂದೋ. ಕಾರಣ ಅವನಿಗೆ ಹೇಳಬೇಡ. ಅವನಿಗೆ ನಾನೇ ಹೇಳಬೇಕು, ಗೇಟಿನ ಬಳಿ ಅಲ್ಲ, ಎಲ್ಲಾದರೂ ಕೂರಿಸಿ.

ಮಳೆ ಬರಲಿ.

ನಿನ್ನ ತಂಗಿ,
ಕೆಯಾಬೆತ್ಸ್ವೆ

ಮರೆತ ಮಾತು: ಲಕೋಟೆಗೆ ಅಂಟು ಹಾಕುವ ಮೊದಲು 'ಐದು ಜನರ ಸಮಿತಿ' ಎಂದದ್ದನ್ನು ಮತ್ತೆ ಓದಿದೆ. ಅದು ಕಾಗದದ ಮೇಲಿನ ಮಾತು. ನಾಲ್ವರು ನಮ್ಮೂರಿಗೆ ಬರಲೇ ಇಲ್ಲ, ನಾನು ಹೇಳಿದ್ದನ್ನು ನಂಬಿ ಸಹಿ ಹಾಕಿದರು. ಬಂದವಳು ನಾನೊಬ್ಬಳೇ, ದಿನ ಆರಿಸಿದವಳೂ ನಾನೇ. ಬೆಳಿಗ್ಗೆ ಶೆಡ್ಡಿಗೆ ಹೋದಾಗ ಅಲ್ಲಿದ್ದ ಒಂಬತ್ತು ಜನರಲ್ಲಿ ಓಟೆಂಗ್ ಒಬ್ಬ. ಎಣಿಸಲು ಬಂದವಳು ಎಂದು ಅಲ್ಲಿ ಯಾರಿಗೂ ಹೇಳಲಿಲ್ಲ. ನಿನ್ನ ಬಿತ್ತನೆಗೂ ಹೋಗದೆ ಕೆಲಸದಲ್ಲಿದ್ದವನು, ಅತ್ತೆಗೆ ತೋರಿಸಬೇಕೆಂದು ತಾನು ಕಟ್ಟಿದ ಕಮಾನಿನ ಕೆಳಗೆ ನನ್ನನ್ನು ನಿಲ್ಲಿಸಿದ. ಅಲ್ಲಿಂದ ನಾನು ನಿನ್ನ ಹೊಲಕ್ಕೆ ಬಂದೆ. ನೀನು ಅರ್ಧ ಸಾಲಿನಲ್ಲೇ ಎತ್ತು ಬಿಚ್ಚಿ ಓಡಿ ಬಂದು, ಏನು ಕೆಯಾ, ಏನಾಯ್ತು, ಯಾರಾದ್ರೂ ಹೋದ್ರಾ ಎಂದು ಕೇಳಿದೆ. ನಾನು, ಏನಿಲ್ಲ, ಮಳೆ ಬಿತ್ತಲ್ಲ, ನಿಮ್ಮನ್ನೆಲ್ಲ ನೋಡಬೇಕು ಅನ್ನಿಸಿತು, ಸುಮ್ಮನೆ ಬಂದೆ ಎಂದೆ. ಬಿತ್ತನೆಯ ದಿನ ಯಾರೂ ಕೆಲಸ ನಿಲ್ಲಿಸುವುದಿಲ್ಲ. ನೀನು ನಿಲ್ಲಿಸಿ, ನನಗೋಸ್ಕರ ಮೇಕೆ ಕಡಿದೆ. ನಾನು ಹೊರಡುವಾಗ ಉಳಿದ ಮಾಂಸವನ್ನೆಲ್ಲ ನೀನೇ ಬಟ್ಟೆಯಲ್ಲಿ ಕಟ್ಟಿ ನನ್ನ ಕಾರಿನಲ್ಲಿಟ್ಟೆ. ಅದು ನನಗೆ ಮೂರು ದಿನ ಬಂತು. ವರದಿ ಬರೆದು ಮುಗಿಸಲೂ ಮೂರೇ ದಿನ ಹಿಡಿಯಿತು.